ಬ್ರೇಕ್ ಹಾಕಿ ಎಳಿ, ಅಕ್ಕ

ಅಕ್ಕಾ, ಬೇಕರಿಗೆ ಹೊರಟೆ.

ಕೈ ವ್ಯಾಯಾಮದ ರಬ್ಬರ್ ಪಟ್ಟಿಯನ್ನ ಕಿಟಕಿ ಸರಳಿಗೆ ಬಿಗಿಯಾಗಿ ಕಟ್ಟಿದೀನಿ. ಎಳೆಯೋಕೆ ಮುಂಚೆ ಗಾಲಿಕುರ್ಚಿಗೆ ಬ್ರೇಕ್ ಹಾಕು. ನಿನ್ನೆ ಮರೆತು ಗೋಡೆಗೆ ಗುದ್ದಿಕೊಂಡೆ. ಮೊಣಕಾಲು ತರಚಿದ್ದು ನಿನಗೆ ಗೊತ್ತೇ ಆಗಿಲ್ಲ. ನೀನು ನಿದ್ದೆಯಲ್ಲಿದ್ದಾಗ ಮುಲಾಮು ಹಚ್ಚಿದೀನಿ.

ಹದಿನೈದು ಸಲ ಎಳೀಬೇಕು. ಒಂಬತ್ತಕ್ಕೇ ನಿಲ್ಲಿಸಿ ಹದಿನೈದು ಅನ್ನಬೇಡ. ಚಿಕ್ಕವರಿದ್ದಾಗ ಕಣ್ಣಾಮುಚ್ಚಾಲೆಯಲ್ಲೂ ನೀನು ಹಾಗೇ ಎಣಿಸ್ತಿದ್ದೆ. ಭುಜ ನೋವು ಬಂದ್ರೆ ಮಾತ್ರ ಅಲ್ಲಿಗೇ ಬಿಡು, ಹಠ ಬೇಡ.

ಇವತ್ತು ಬೆಳಿಗ್ಗೆ ಹಾಸಿಗೆಯಿಂದ ಕುರ್ಚಿಗೆ ಕೂರಿಸುವಾಗ, "ತುಂಬಾ ಭಾರ ಆದ್ನೇನೋ?" ಅಂತ ಕೇಳಿದೆಯಲ್ಲ.

ಮೂರು ದಿನದಿಂದ ನಾನು ನಿನ್ನ ಎತ್ತುತ್ತಾನೇ ಇಲ್ಲ ಅಕ್ಕ. ಸುಮ್ಮನೆ ಬೆನ್ನಿಗೆ ಕೈ ಇಟ್ಕೊಂಡಿರ್ತೀನಿ, ಅಷ್ಟೆ.