ಎರಡು ಸಲ ನೀರು ಕುಡಿದ ಬದನೆ ಗಿಡ

ರೀ,

ಟೆರೇಸಿನ ಬದನೆ ಗಿಡ ಹಳದಿ ಆಗಿರೋದು ರೋಗದಿಂದಲ್ಲ. ನಿನ್ನೆ ಪಕ್ಕದ್ಮನೆ ಕರಿಬಸಮ್ಮ ಕುಂಡಕ್ಕೆ ಬೆರಳಿಟ್ಟು ನೋಡಿ, "ಏನ್ ಮಾರಾಯ್ತಿ, ಗದ್ದೆ ಮಾಡಿಟ್ಟಿದೀಯಲ್ಲ" ಅಂದ್ರು. ಬೆಳಗ್ಗೆ ನಾನು ನೀರು ಹಾಕಿ ಕ್ಲಿನಿಕ್ಕಿಗೆ ಹೋಗ್ತೀನಿ. ನೀವು ಭದ್ರಾವತಿಯಿಂದ ನೈಟ್ ಶಿಫ್ಟ್ ಮುಗಿಸಿ ಬಂದು, ಇವಳು ಮರೆತಿದಾಳೆ ಅಂತ ಮತ್ತೆ ಹಾಕ್ತೀರ. ಒಂದು ಮಾತು ಕೇಳೋಣ ಅಂದ್ರೆ, ಸಂಜೆ ನಾನು ಬರೋಷ್ಟರಲ್ಲಿ ನೀವು ಹೊರಟಿರ್ತೀರ.

ಇನ್ಮೇಲೆ ನೀವೇ ಹಾಕಿ. ನಾನು ಮುಟ್ಟಲ್ಲ.

ಬಿಟ್ಟಿದ್ದ ಒಂದೇ ಒಂದು ಕಾಯಿ ಕೊಯ್ದು ಪಲ್ಯ ಮಾಡಿದೀನಿ. ಅರ್ಧ ನಾನು ತಿಂದೆ, ನಿಮ್ಮ ಪಾಲು ಒಲೆ ಪಕ್ಕ ಮುಚ್ಚಿಟ್ಟಿದೆ.

ನೀರು ಹಾಕಿದ್ಮೇಲೆ ಚೊಂಬನ್ನ ಕುಂಡದ ಹತ್ರಾನೇ ಬೋರಲು ಹಾಕಿಡಿ. ಸಂಜೆ ಅದನ್ನ ನೋಡಿ, ನೀವು ಮನೇಲಿದ್ರಿ ಅಂದ್ಕೋತೀನಿ.

ಶೀಲಾ