ಅವ್ವ ನೋಡಿದ ಹೊಸ ಸಿನಿಮಾ

ಗುಳೇದಗುಡ್ಡ
10-2-1979, ಶನಿವಾರ

ಪ್ರೀತಿಯ ತಮ್ಮ ಪಾಂಡಪ್ಪನಿಗೆ ನಿನ್ನ ಅಕ್ಕ ಇಂದ್ರವ್ವ ಮಾಡುವ ಆಶೀರ್ವಾದ.

ಸೊಲ್ಲಾಪುರಕ್ಕೆ ಹೋದಾಗಿನಿಂದ ಹತ್ತಿದ ಆ ಕೆಮ್ಮು ಇಳಿಯಿತೋ ಇಲ್ಲವೋ? ಗಿರಣಿಯ ಹತ್ತಿಯ ಧೂಳು ಒಳಗೆ ಹೋಗದಂತೆ ಮೂಗಿಗೆ ಬಟ್ಟೆ ಕಟ್ಟಿಕೊ. ಬರೀ ಚಹಾದ ಮೇಲೆ ದಿನ ದೂಡಬೇಡ. ನಾವಿಲ್ಲಿ ಆರಾಮ ಇದ್ದೇವೆ.

ಮಹಮ್ಮದ ಸಾಹೇಬರ ಟಾಕೀಸು ನೀನು ಬಲ್ಲೆಯಲ್ಲ, ಊರೂರು ನೋಡಿ ಬಿಟ್ಟ ಮೇಲೆ ಗೀರು ಬಿದ್ದ ರೀಲು ನಮ್ಮ ಪಾಲಿಗೆ ಬರುತ್ತಿತ್ತು. ಈಗ ಅವರು ಹಟ ಹಿಡಿದು ಹುಬ್ಬಳ್ಳಿಗೆ ತಿರುಗಿ ಹೊಸ ಸಿನಿಮಾನೇ ತರುತ್ತಿದ್ದಾರೆ. ಈ ಸಲದ್ದು ಬಿಡುಗಡೆಯಾಗಿ ತಿಂಗಳೂ ಆಗಿಲ್ಲ. ಮೊದಲ ಆಟ ನೋಡಿದ ಪಕ್ಕದ ಮನೆಯ ಕಾಸಿಂಬಿ ಓಡಿ ಬಂದು, ನಾಯಕಿ ಒಂದು ಹಾಡಿನಲ್ಲಿ ನಮ್ಮೂರ ಖಣದ ಕುಪ್ಪಸ ತೊಟ್ಟಿದ್ದಾಳೆ, ಅದೂ ಆನೆಹೆಜ್ಜೆಯ ನೇಯ್ಗೆ ಎಂದಳು. ಮೂವತ್ತು ವರ್ಷ ಅದೇ ನೇಯ್ಗೆ ನೇಯ್ದ ಅವ್ವ ಸುಮ್ಮನಿರುತ್ತಾಳೆಯೇ? ಹುಟ್ಟಿದಾಗಿನಿಂದ ಟಾಕೀಸಿನ ಮೆಟ್ಟಿಲು ಹತ್ತದವಳು ಬುಧವಾರ ಹೆಣ್ಣುಮಕ್ಕಳ ಆಟಕ್ಕೆ ತಾನೇ ಮೊದಲು ಸೀರೆ ಉಟ್ಟು ನಿಂತಳು. ಮೊಣಕಾಲು ನೋವೆಂದು ಎರಡು ವರ್ಷದ ಹಿಂದೆ ಮಗ್ಗ ಬಿಟ್ಟವಳು ಹಾದಿಯಲ್ಲಿ ಒಮ್ಮೆಯೂ ಕೂಡಲಿಲ್ಲ.

ಹಾಡು ಬಂತು. ಕಾಸಿಂಬಿ, ಓಣಿಯ ತಾಯವ್ವ, ನಾನು, ಎಲ್ಲರೂ ಕೈ ಮಾಡಿ ತೋರಿಸಿದೆವು. ಅವ್ವ ಹೂಂ ಹೂಂ ಎನ್ನುತ್ತಿದ್ದವಳು ತಟ್ಟನೆ ಎದ್ದು ಸರಸರ ಪರದೆಯ ಹತ್ತಿರ ಹೋದಳು. ಅವಳ ನೆರಳು ನಾಯಕಿಯ ಮೇಲೆ ಬಿದ್ದು ಹೆಣ್ಣುಮಕ್ಕಳೆಲ್ಲ ನಕ್ಕರು. ನಾನು ನಾಚಿಕೊಂಡು ಅವಳ ಹಿಂದೆಯೇ ಓಡಿದೆ. ಅವ್ವ ಪರದೆ ಸವರುತ್ತ ಮೆಲ್ಲಗೆ, "ಇಂದ್ರಾ, ನನಗ ಬರೇ ಬೆಳಕ ಕಾಣತೈತಿ. ಖಣ ಯಾ ಕಡೆ ಐತಿ, ಕೈ ಹಿಡದ ತೋರಸು" ಎಂದಳು. ಕೈ ಹಿಡಿದು ನಾಯಕಿಯ ರಟ್ಟೆಯ ಮೇಲಿಟ್ಟೆ. ಆ ಪುಣ್ಯಾತ್ಗಿತ್ತಿ ಒಂದು ಕಡೆ ನಿಲ್ಲಬೇಕಲ್ಲ, ಓಡಿಬಿಟ್ಟಳು; ಅವ್ವನ ಕೈ ಗಿಡದ ಮೇಲೆ ಉಳಿಯಿತು. ಅದನ್ನು ಹೇಳಿದಾಗ ಮೊದಲು ನಕ್ಕವಳು ಅವ್ವನೇ.

ಮೊಣಕಾಲಿನ ಮಾತೆಲ್ಲ ನೆವ, ಕಣ್ಣಿಗೆ ಪೊರೆ ಬಂದಿದೆ ಎಂಬುದು ನನಗೆ ಆಗ ತಿಳಿಯಿತು. ಒಂದೇ ಮನೆಯಲ್ಲಿದ್ದು ಗೊತ್ತಾಗಲಿಲ್ಲವಲ್ಲ ಎಂದು ಅಲ್ಲೇ ಅತ್ತುಬಿಟ್ಟೆ. ಸಂಗತಿ ಕೇಳಿದ ಮಹಮ್ಮದ ಸಾಹೇಬರು ಆಟ ಮುಗಿದ ಮೇಲೆ ಆ ಹಾಡಿನ ರೀಲನ್ನು ಮತ್ತೊಮ್ಮೆ ಬಿಟ್ಟರು, ಅವ್ವ ಹಾಡನ್ನಾದರೂ ಕೇಳಲಿ ಎಂದು. ಹೊರಗೆ ಬಂದಾಗ ಹೇಳಿದರು: "ನಮ್ಮ ಅಮ್ಮಾಗೂ ಪೊರಿ ಬಂದಿತ್ತರಿ. ತಗಸಿದ ಮ್ಯಾಲೆ ಈಗ ಸೂಜ್ಯಾಗ ದಾರ ಪೋಣಸ್ತಾರ." ಅವ್ವ ಮನೆ ಬಾಗಿಲಲ್ಲಿ ನಿಂತು, ಖಣದ ಅಂಚು ಯಾವ ಬಣ್ಣದ್ದಿತ್ತು ಎಂದು ಕೇಳಿದಳು. ನಾನು ಹಸಿರು ಎಂದೆ, ಕಾಸಿಂಬಿ ನೀಲಿ ಎಂದಳು. ನಾವಿಬ್ಬರೂ ಜಗಳಕ್ಕೇ ನಿಂತೆವು. ಅವ್ವ, "ನಿಮ್ಮಿಬ್ಬರನ್ನೂ ನಂಬೂದಿಲ್ಲ. ನಾನ ನೋಡತೇನಿ" ಎಂದಳು. ದವಾಖಾನೆಗೆ ಒಪ್ಪಿದ್ದು ಹೀಗೆ, ತಮ್ಮಾ. ಮರುದಿನವೇ ಬಾಗಲಕೋಟೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಡಾಕ್ಟರು ಗಾಬರಿಯಾಗಬೇಡಿ ಎಂದಿದ್ದಾರೆ.

ಕಾಸಿಂಬಿ ನಿನ್ನನ್ನು ಕೇಳಿದಳು. ತಾಯವ್ವ ಸೊಲ್ಲಾಪುರದ ಚಾದರ ತರಲು ಹೇಳಿದ್ದಾಳೆ. ಬನಶಂಕರಿ ನಿನ್ನನ್ನು ಸುಖವಾಗಿಡಲಿ.

ನಿನ್ನ ಅಕ್ಕ,
ಇಂದ್ರವ್ವ

ತಾ.ಕ.: ಪೋಸ್ಟಿನವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. 19ರ ಸೋಮವಾರ ಅವ್ವನ ಕಣ್ಣಿನ ಆಪರೇಶನ್. ನಿನ್ನ ರಜೆ ಹಾಳಾಗುತ್ತದೆಂದು, ಯಾರ ಕೈಲೂ ನಿನಗೆ ಹೇಳಿ ಕಳಿಸಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ, ಬರೆಯಬಾರದು ಎಂದಿಲ್ಲ. ದೀಪಾವಳಿಗೆ ನೀನು ಕಳಿಸಿದ ಫೋಟೋವನ್ನು ಅವಳು ಇಡೀ ಓಣಿಗೆ ತೋರಿಸಿ ಬಂದಳು. ತಾನು ಇನ್ನೂ ನೋಡಿಲ್ಲ. ಪಟ್ಟಿ ಬಿಚ್ಚುವ ಹೊತ್ತಿಗೆ ಎದುರಿಗೆ ಬಂದು ನಿಲ್ಲು.