ಮೆರವಣಿಗೆಗೆ ಬಾರದ ಫಟಫಟಿ

ಮೈಲೂರ, ಬೀದರ
೧೪ ಸೆಪ್ಟೆಂಬರ್ ೧೯೫೭

ಮಲ್ಲಿಕಾರ್ಜುನಪ್ಪ ಅಣ್ಣನವರಿಗೆ ಗುರಮ್ಮಳ ಶರಣಾರ್ಥಿಗಳು.

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಬರೆಯಲು ಕೂಡುತ್ತೇನೆ, ಏಳುತ್ತೇನೆ, ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತೇನೆ. ತಪ್ಪು ತಿಳಿಯಬೇಡಿರಿ. ಇನ್ನು ಮೇಲೆ ವಿಳಾಸದಲ್ಲಿ ಮೈಸೂರು ರಾಜ್ಯ ಎಂದು ಬರೆಯಿರಿ. ಹೈದರಾಬಾದ ಎಂದೇ ಇದ್ದದ್ದು ನೋಡಿ ಅಂಚೆಯವನು ನಕ್ಕ.

ನಿಮ್ಮ ಗೆಳೆಯ, ನಮ್ಮ ಯಜಮಾನರು, ಕೊನೆಗಾಲದಲ್ಲಿ ಹೇಗಿದ್ದರೆಂದು ಕೇಳಿದ್ದೀರಿ. ಮನೆಯಲ್ಲಿ ನಿಲ್ಲಲೇ ಇಲ್ಲ, ಅಣ್ಣ. ಫೌಜಿನಿಂದ ಬಂದು ಆ ಹಳೆಯ ಮೋಟಾರ್ ಸೈಕಲ್ಲು, ಆ ಫಟಫಟಿ, ಕೊಂಡ ದಿನದಿಂದ ಹಾಗೆಯೇ. ಬೆಳಗ್ಗೆ ಭಾಲ್ಕಿ, ಮಧ್ಯಾಹ್ನ ಔರಾದ. ಯಾರದೋ ಔಷಧ, ಯಾರದೋ ಸುದ್ದಿ ಒಯ್ಯುವ ನೆಪ. ಮುಖಕ್ಕೆ ಗಾಳಿ ಬಡಿದರೇನೇ ಅವರಿಗೆ ಉಸಿರು. ಮಗ ಶಿವರಾಜನನ್ನು ಹಿಂದೆ ಕೂಡಿಸಿಕೊಂಡು ಬರ್ಮಾ ಯುದ್ಧದ ಕಥೆ ಹೇಳುತ್ತಿದ್ದರು. ಹಂದಿ ಅಟ್ಟಿಸಿಕೊಂಡು ಬಂದದ್ದು, ನೀವು ಕೆಸರಿನಲ್ಲಿ ಬೂಟು ಕಳೆದುಕೊಂಡದ್ದು. ಎಲ್ಲ ನಗುವ ಕಥೆಗಳೇ.

ಹೋದ ವರ್ಷ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ದಿನ ಬೀದರಿನಲ್ಲಿ ಮೆರವಣಿಗೆ ಇತ್ತು. ಹಿಂದಿನ ದಿನ ಓಣಿಯ ಹಿರಿಯರು ಬಂದು, "ಹಾವಗೆಪ್ಪಾ, ನೀ ಫೌಜಿ ಮನಷ್ಯಾ. ಝಂಡಾ ಕಟ್ಟಗೊಂಡು ಎಲ್ಲಾರಕಿಂತ ಮುಂದ ನಿನ್ನ ಫಟಫಟೀನೇ ಹೋಗಬೇಕು ನೋಡು" ಅಂದರು. ಇವರು "ಹೂಂರಿ" ಅಂದು, ದಿನವೆಲ್ಲ ಕೂತು ಗಾಡಿ ತಿಕ್ಕಿದರು. ಮರುದಿನ ಬೆಳಗ್ಗೆ ನೋಡಿದರೆ ಗಾಡಿಯೂ ಇಲ್ಲ, ಅವರೂ ಇಲ್ಲ. ಹಿರಿಯರು ಬಾಗಿಲಲ್ಲಿ ನಿಂತು ಕೂಗಾಡಿ ಹೋದರು.

ಸಂಜೆ ಔರಾದ ಕಡೆಯಿಂದ ಮೈತುಂಬ ಧೂಳಾಗಿ ಬಂದರು.

"ಯಾಕ್ರೀ, ಹೇಳದೆ ಕೇಳದೆ ಎಲ್ಲಿ ಹೋಗಿದ್ರಿ?"

"ಬರ್ಮಾದಾಗ ಹೊಳಿ ದಾಟೂ ಒಂದು ಪೂಲ್ ಇತ್ತು, ಗುರಮ್ಮಾ. ನಾ ಫೌಜಿನ ಫಟಫಟಿ ಮ್ಯಾಲ ಮುಂದ ಹೋಗಿ ನೋಡ್ದೆ. ರಸ್ತಾ ಸಾಫ್ ಅದ ಅಂತ ಕೈ ಮಾಡ್ದೆ. ನನ್ನ ಕೈ ನೋಡೇ ಹಿಂದಿನ ಲಾರಿ ಬಂದವು. ಪೂಲಿನ ಕೆಳಗ ಸಿಡಿಯೋ ಬಾರೂದ ಇಟ್ಟಿದ್ರು. ನನ್ನ ಗಾಡಿ ಹಗರ, ದಾಟಿ ಹೋತು. ಲಾರಿ ದಾಟಲಿಲ್ಲ." ಮೈಮೇಲಿನ ಧೂಳು ಝಾಡಿಸುತ್ತ ಅಂದರು: "ನನ್ನ ಹಿಂದ ಜನಾ ಬರ್ಲಿಕತ್ತಾರಂದ್ರ ಇವತ್ತಿಗೂ ಆ ಲಾರೀನೇ ಕಾಣ್ತಾವ. ಶಿವರಾಜಗ ಇದು ಹೇಳಬ್ಯಾಡ."

ಕಾಲಿಗೆ ನೀರು ಕೊಟ್ಟೆ. ನಿಮಗೆ ಮೊದಲೇ ಗೊತ್ತಿದ್ದದ್ದು. ನನಗೆ ಅಂದು ತಿಳಿಯಿತು.

ಈ ಬೇಸಿಗೆಯಲ್ಲಿ ಭಾಲ್ಕಿ ರಸ್ತೆಯಲ್ಲಿ ಅವರನ್ನು ಮೊದಲು ಕಂಡವನು ಬಸ್ಸಿನ ಡ್ರೈವರ ಅಮೀರ ಪಾಶಾ. "ಭಾಬೀ, ಗಾಡಿ ಬಾಜೂಕ ಹಚ್ಚಿ ಬೇವಿನ ಗಿಡದ ಕೆಳಗ ಆರಾಮ ಕುಂತಂಗ ಕುಂತಿದ್ರು. ಹಾರ್ನ್ ಹೊಡ್ದೆ, ಏಳಲಿಲ್ರಿ" ಅಂದ. ಎದೆ ನಿಂತಿತ್ತಂತೆ. ಈಗಲೂ ರಸ್ತೆಯಲ್ಲಿ ಯಾವ ಗಾಡಿಯ ಸಪ್ಪಳ ಕೇಳಿದರೂ ಒಲೆಯ ಮುಂದಿನಿಂದ ಎದ್ದುಬಿಡುತ್ತೇನೆ.

ವೈನಿಯವರಿಗೆ ಶರಣು. ನಿಮ್ಮ ಮಕ್ಕಳು ಸುಖವಾಗಿರಲಿ, ಬಸವಣ್ಣ ಕಾಯಲಿ.

ನಿಮ್ಮ ತಂಗಿ
ಗುರಮ್ಮ

ತಾ.ಕ.: ಶಿವರಾಜ ಬರುವ ವಾರ ಅಪ್ಪನ ಫಟಫಟಿ ಹತ್ತಿ ಸಿಕಂದರಾಬಾದಿಗೆ, ನಿಮ್ಮ ಮನೆಗೇ ಬರುತ್ತಾನೆ. ಫೌಜಿಗೆ ಹೆಸರು ಕೊಡುತ್ತಾನಂತೆ; ಅಪ್ಪನ ಹಾಗೆ ಮುಂದೆ ಹೋಗುವ ಕೆಲಸವೇ ಬೇಕಂತೆ. ಅವನನ್ನು ತಡೆಯಿರಿ ಎನ್ನುವುದಿಲ್ಲ. ಪೂಲಿನ ಸಂಗತಿ ಹೇಳಿರಿ, ನನ್ನ ಬಾಯಿ ಅವರು ಕಟ್ಟಿ ಹೋಗಿದ್ದಾರೆ. ಮೊದಲ ಲಾರಿಯಲ್ಲಿ ನಿಮ್ಮ ತಮ್ಮ ಬಕ್ಕಪ್ಪ ಇದ್ದದ್ದನ್ನೂ ಅವರು ಅಂದೇ ನನಗೆ ಹೇಳಿದ್ದರು. ಅಷ್ಟಾದ ಮೇಲೂ ಪ್ರತಿ ಕಾಗದದಲ್ಲಿ ನೀವು ಅವರನ್ನು ಗೆಳೆಯಾ ಎಂದೇ ಕರೆದಿರಿ. ಅದು ನಿಮ್ಮಿಂದ ಹೇಗಾಯಿತೆಂದು ಅವನಿಗೆ ಹೇಳಿರಿ, ಅಣ್ಣ. ನನಗೂ ಬರೆಯಿರಿ.